ಅಂಚೆಯಣ್ಣನಿಗೂ ನಿತ್ಯ ಪರೀಕ್ಷೆ

ಪರೀಕ್ಷೆ ಎಂಬ ಮೂರಕ್ಷರದ ಪದಕ್ಕೆ ನಮ್ಮ ಮನೆಗಳಲ್ಲಿ ಎಷ್ಟು ಭಯವಿದೆ ಎಂಬುದನ್ನು ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಫೆಬ್ರವರಿ ಮುಗಿಯುತ್ತಿದ್ದಂತೆ ಟಿವಿಯ ಬಾಯಿ ಮುಚ್ಚುತ್ತದೆ. ಮಕ್ಕಳ ಮೊಬೈಲು ಅಮ್ಮನ ಕಪಾಟು ಸೇರುತ್ತದೆ. ಅಜ್ಜಿ ಕೃಷ್ಣಮಠಕ್ಕೆ ಹರಕೆ ಹೊರುತ್ತಾಳೆ. ಊರಲ್ಲಿ ಬಯಲಾಟವಿದ್ದರೆ "ಈ ವರ್ಷ ಬೇಡ" ಎಂದು ಅಪ್ಪನ ತೀರ್ಪು ಬರುತ್ತದೆ. ಇಷ್ಟೆಲ್ಲ ಆದ ಮೇಲೆ ಫಲಿತಾಂಶದ ದಿನ ನಾವು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಬಂತು?" ಯಾವುದು ತಪ್ಪಾಯಿತು, ಯಾಕೆ ತಪ್ಪಾಯಿತು ಎಂದು ಕೇಳುವವರು ಕಡಿಮೆ.

ಇಪ್ಪತ್ತೆಂಟು ವರ್ಷಗಳಿಂದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿರುವ ನನಗೆ ಪರೀಕ್ಷೆ ಎಂದರೆ ಪ್ರಶ್ನೆಪತ್ರಿಕೆ, ಕೆಂಪು ಶಾಯಿ ಮತ್ತು ಮೇಜಿನ ಮೇಲಿನ ಉತ್ತರಪತ್ರಿಕೆಗಳ ಕಟ್ಟು. ಆದರೆ ಈಚೆಗೆ ಬೇರೆಯೇ ಬಗೆಯ ಒಂದು ಪರೀಕ್ಷೆಯ ಪರಿಚಯವಾಯಿತು. ಅದನ್ನು ಬರೆಯುವುದು ಮಕ್ಕಳಲ್ಲ, ಇ-ಮೇಲ್ ಹೊತ್ತೊಯ್ಯುವ ತಂತ್ರಾಂಶ. ಅಲ್ಲಿ ರ್‍ಯಾಂಕ್ ಇಲ್ಲ, ಬೈಗುಳವಿಲ್ಲ, ಪ್ರಶ್ನೆಪತ್ರಿಕೆ ಗುಟ್ಟೂ ಅಲ್ಲ. ರಾತ್ರಿ ನಾವು ಮಲಗಿರುವಾಗ ಯಂತ್ರವೇ ಪ್ರಶ್ನೆ ಕೇಳುತ್ತದೆ, ಯಂತ್ರವೇ ಉತ್ತರಿಸುತ್ತದೆ, ಯಂತ್ರವೇ ತಿದ್ದುತ್ತದೆ. ಬೆಳಿಗ್ಗೆ ನಮ್ಮ ಕೈಗೆ ಬರುವುದು ಅಂಕವಲ್ಲ, ಎಲ್ಲೆಲ್ಲಿ ತಪ್ಪಿದೆ ಎಂಬ ಪಟ್ಟಿ. ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಯರಿಗೂ ಇದರಲ್ಲಿ ಕೆಲಸಕ್ಕೆ ಬರುವ ಮಾತುಗಳಿವೆ ಎನಿಸಿದ್ದರಿಂದ ಬರೆಯುತ್ತಿದ್ದೇನೆ.

ಕಾಪುವಿನ ಹುಡುಗಿಗೆ ಬಂದ ಪತ್ರ

ನನ್ನ ಬಳಿ ಕಲಿತ ಹುಡುಗಿಯೊಬ್ಬಳು ಕಾಪುವಿನ ಮೀನುಗಾರರ ಮನೆಯವಳು. ಉಡುಪಿಯಲ್ಲಿ ಪದವಿ ತರಗತಿಗೆ ಸೇರಿದಾಗ ಒಂದು ಸಂಸ್ಥೆಯ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದಳು. ಹನ್ನೆರಡು ಸಾವಿರ ರೂಪಾಯಿ. ದೊಡ್ಡವರಿಗೆ ಸಣ್ಣ ಮೊತ್ತ ಇರಬಹುದು. ಮಳೆಗಾಲದ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲದಾಗ ಆ ಮನೆಗೆ ಅದು ದೊಡ್ಡದೇ.

ಸಂಸ್ಥೆಯಿಂದ ಉತ್ತರ ಬಂತು. ಆಯ್ಕೆಯಾಗಿದ್ದೀರಿ, ಹತ್ತು ದಿನದೊಳಗೆ ದಾಖಲೆ ಕಳುಹಿಸಿ ಎಂದಿತ್ತು. ಆದರೆ ಕನ್ನಡದಲ್ಲಿದ್ದ ವಿಷಯದ ಸಾಲು ಮೂರ್ನಾಲ್ಕು ಕಡೆ ಮುರಿದಿತ್ತು. ಅಕ್ಷರಗಳ ನಡುವೆ ಕಪ್ಪು ವಜ್ರದಾಕಾರದೊಳಗಿನ ಪ್ರಶ್ನಾರ್ಥಕ ಚಿಹ್ನೆಗಳು. ಕಳುಹಿಸಿದವರ ಹೆಸರೂ ಹಾಗೆಯೇ. ಪತ್ರ ಹೋಗಿ ಬಿದ್ದದ್ದು ಕಸದ ಮೇಲ್‌ಗಳ ಕಪಾಟಿನಲ್ಲಿ, ವಿದೇಶಿ ಲಾಟರಿಯ ಮೋಸದ ಪತ್ರಗಳ ಪಕ್ಕದಲ್ಲಿ. ಅಪರಿಚಿತರ, ಅರ್ಥವಾಗದ ಮೇಲ್‌ಗಳನ್ನು ತೆರೆಯಬಾರದು ಎಂದು ಎಲ್ಲರೂ ಮಕ್ಕಳಿಗೆ ಹೇಳುವುದೇ ಸರಿಯಲ್ಲವೇ? ಹುಡುಗಿ ತೆರೆಯಲಿಲ್ಲ. ಗಡುವು ದಾಟಿತು. ವಿಚಾರಿಸಿದಾಗ ಸಿಕ್ಕ ಉತ್ತರ: "ನಾವು ಕಳುಹಿಸಿದ್ದೇವೆ. ನಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಕಾಣುತ್ತದೆ."

ಆಕೆಯ ತಂದೆ ಆಗ ದಡದಲ್ಲಿ ಬಲೆ ಸರಿಪಡಿಸುತ್ತಿದ್ದರು. ಸಿಟ್ಟು ಮಾಡಲಿಲ್ಲ. "ಮಾಷ್ಟ್ರೇ, ಬಲೆ ನೀರಿಗೆ ಬಿಡುವ ಮೊದಲು ನಾವು ಒಂದೊಂದು ಕಣ್ಣನ್ನೂ ಕೈಯಲ್ಲಿ ದಾಟಿಸಿ ನೋಡುತ್ತೇವೆ. ಹರಿದದ್ದು ಮೀನು ಹೋದ ಮೇಲೆ ಗೊತ್ತಾದರೆ ಏನು ಪ್ರಯೋಜನ? ಇವರು ನೋಡುವುದಿಲ್ಲವೋ?" ಎಂದರು.

ಇವರು ನೋಡುವುದಿಲ್ಲವೋ? ಪ್ರಶ್ನೆ ನನ್ನ ತಲೆಯಲ್ಲಿ ಕುಳಿತಿತು. ಆ ವರ್ಷದ ದೀಪಾವಳಿಗೆ ಊರಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮುಂದೆ ಅದನ್ನೇ ಇಟ್ಟೆ. ಕಾರ್ಕಳದ ಹುಡುಗ, ಈಗ ಬೆಂಗಳೂರಿನಲ್ಲಿ ಮೇಲ್ ಸರ್ವರುಗಳನ್ನು ನೋಡಿಕೊಳ್ಳುವ ಕೆಲಸ. "ಸರ್, ನೋಡುವವರು ನೋಡುತ್ತಾರೆ. ಹೇಗೆ ನೋಡುತ್ತಾರೆ ಎಂಬುದನ್ನು ನಿಮ್ಮ ಲ್ಯಾಬಿನಲ್ಲೇ ತೋರಿಸಬಹುದು" ಎಂದ.

ಅಂಚೆಯಣ್ಣನ ಮಾತುಕತೆ

ಮೊದಲು ಇ-ಮೇಲ್ ಹೋಗುವ ರೀತಿಯನ್ನು ತಿಳಿಯೋಣ. ನಾವು 'ಕಳುಹಿಸು' ಎಂದು ಒತ್ತಿದ ಪತ್ರ ನೇರ ಗೆಳೆಯನ ಮೊಬೈಲಿಗೆ ಹಾರುವುದಿಲ್ಲ. ನಮ್ಮ ಕಡೆಯ ಅಂಚೆ ಗಣಕ ಅವರ ಕಡೆಯ ಅಂಚೆ ಗಣಕದ ಬಾಗಿಲು ತಟ್ಟುತ್ತದೆ. ಈ ಗಣಕಗಳಲ್ಲಿ ಅಂಚೆ ಕೆಲಸ ಮಾಡುವ ತಂತ್ರಾಂಶವೇ ಮೇಲ್ ಸರ್ವರ್. ಇಬ್ಬರ ನಡುವಿನ ಸಂಭಾಷಣೆಗೆ ಎಸ್‌ಎಂಟಿಪಿ ಎಂದು ಹೆಸರು. 1982ರಲ್ಲಿ ಅಮೆರಿಕದ ಜಾನ್ ಪೋಸ್ಟೆಲ್ ಬರೆದ ನಿಯಮಾವಳಿ ಅದು. ಮುಂದೆ ತಿದ್ದುಪಡಿಗಳಾದರೂ ಮೂಲ ರೀತಿ ಇಂದಿಗೂ ಅದೇ.

ಸಂಭಾಷಣೆ ಬಹಳ ಸರಳ. ಬಂದವನು 'ಹೆಲೋ' ಎಂದು ತನ್ನ ಹೆಸರು ಹೇಳುತ್ತಾನೆ. ಎದುರಿನವನು 250 ಎನ್ನುತ್ತಾನೆ, ಎಂದರೆ 'ಆಯಿತು'. ಬಳಿಕ 'ಈ ಪತ್ರ ಇಂಥವರಿಂದ', 'ಇಂಥವರಿಗೆ' ಎಂದು ಹೇಳಬೇಕು. ಆ ಹೆಸರಿನವರು ಇದ್ದರೆ ಮತ್ತೆ 250, ಇಲ್ಲದಿದ್ದರೆ 550. ಸಂಖ್ಯೆ 4ರಿಂದ ಆರಂಭವಾದರೆ 'ಈಗ ಆಗುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ' ಎಂದರ್ಥ. 'ಪತ್ರ ಓದುತ್ತೇನೆ' ಎಂದಾಗ 354 ಬರುತ್ತದೆ. ಎಂದರೆ 'ಓದಿ, ಮುಗಿದಾಗ ಒಂದು ಸಾಲಿನಲ್ಲಿ ಬರೀ ಚುಕ್ಕೆ ಇಡಿ'. ಚುಕ್ಕೆ ಬಂತೆಂದರೆ ಪತ್ರ ಮುಗಿಯಿತು.

ಇಲ್ಲಿ ಜಾಣ ಮಕ್ಕಳು ಒಂದು ಪ್ರಶ್ನೆ ಕೇಳಬೇಕು. ನನ್ನ ಪತ್ರದೊಳಗೇ ಬರೀ ಚುಕ್ಕೆಯ ಸಾಲೊಂದಿದ್ದರೆ? ಅರ್ಧ ಪತ್ರಕ್ಕೇ ಅಂಚೆಯಣ್ಣ ಎದ್ದು ಹೋಗುವನಲ್ಲ! ಅದಕ್ಕೂ ನಿಯಮವಿದೆ. ಚುಕ್ಕೆಯಿಂದ ಆರಂಭವಾಗುವ ಸಾಲಿಗೆ ಕಳುಹಿಸುವವನು ಇನ್ನೊಂದು ಚುಕ್ಕೆ ಸೇರಿಸುತ್ತಾನೆ. ಪಡೆಯುವವನು ಅದನ್ನು ತೆಗೆಯುತ್ತಾನೆ. ಒಬ್ಬ ಸೇರಿಸಿ ಇನ್ನೊಬ್ಬ ತೆಗೆಯಲು ಮರೆತರೆ ಪತ್ರ ಕೆಡುತ್ತದೆ. ಇಂಥ ಸಣ್ಣ ಮೂಲೆಗಳಲ್ಲೇ ತಪ್ಪು ಅಡಗುವುದು. ಪರೀಕ್ಷೆ ಬೇಕಾದದ್ದೂ ಅಲ್ಲೇ.

ಕನ್ನಡ ಅಕ್ಷರದ ತೂಕ

ಪೋಸ್ಟೆಲ್ ಅವರ ನಿಯಮದಲ್ಲಿ ಪತ್ರದ ಒಂದೊಂದು ಚಿಹ್ನೆಗೆ 7 ಬಿಟ್ ಮಾತ್ರ. ಎಂದರೆ ಒಟ್ಟು 128 ಚಿಹ್ನೆಗಳು. ಇಂಗ್ಲಿಷಿಗೆ ಸಾಕು, ಕನ್ನಡಕ್ಕೆ ಜಾಗವೇ ಇಲ್ಲ. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತಾದರೂ ಅದು ಬಳಕೆಗೆ ಬರಲು ವರ್ಷಗಳು ಹಿಡಿದವು. ವಿದೇಶ ಸಂಚಾರ ನಿಗಮ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದಾಗ, ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಗೆಳೆಯ ಜಾಕ್ ಸ್ಮಿತ್ ಜತೆ 1996ರ ಜುಲೈ 4ರಂದು ಹಾಟ್‌ಮೇಲ್ ಆರಂಭಿಸಿದಾಗ, ಕನ್ನಡದಲ್ಲಿ ಮೇಲ್ ಬರೆಯುವುದು ಸಾಹಸವೇ ಆಗಿತ್ತು. ಎರಡೂ ಕಡೆ ಒಂದೇ ಅಕ್ಷರವಿನ್ಯಾಸ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತಿತ್ತು. ನಮ್ಮ ಮಣಿಪಾಲದೊಡನೆ ನಂಟಿರುವ ಕೆ. ಪಿ. ರಾವ್ ಅವರಂಥವರು ಕನ್ನಡಕ್ಕೆ ಒಪ್ಪುವ ಕೀಲಿಮಣೆ ವಿನ್ಯಾಸ ರೂಪಿಸಿದ್ದರಿಂದ ಬೆರಳಚ್ಚಿಸುವುದು ಸುಲಭವಾಯಿತು. ಬೆರಳಚ್ಚಿಸಿದ್ದು ದಾರಿಯಲ್ಲಿ ಕೆಡದಂತೆ ನೋಡಿಕೊಳ್ಳುವುದು ಇನ್ನೊಂದು ಕೆಲಸ.

ಈಗ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್, ಕನ್ನಡದ ಒಂದು ಸಂಕೇತಕ್ಕೆ 3 ಬೈಟ್. ಗುಣಿತಾಕ್ಷರದ ಚಿಹ್ನೆಯೂ ಬೇರೆ ಸಂಕೇತವೇ. 'ಉಡುಪಿ' ನಮ್ಮ ಕಣ್ಣಿಗೆ ಮೂರು ಅಕ್ಷರ. ಗಣಕಕ್ಕೆ ಉ, ಡ, ಉಕಾರದ ಕೊಂಬು, ಪ, ಇಕಾರದ ಗುಡಿಸು ಎಂದು 5 ಸಂಕೇತ, 15 ಬೈಟ್. 'ಕಾಪು' 12 ಬೈಟ್. 'ಮಣಿಪಾಲ' 18. 'ಕಾರ್ಕಳ'ದಲ್ಲಿ ವಿರಾಮ ಚಿಹ್ನೆಯೂ ಸೇರಿ 18.

ಈ ಬೈಟುಗಳನ್ನು 7 ಬಿಟ್ಟಿನ ಹಳೆಯ ದಾರಿಯಲ್ಲಿ ಸಾಗಿಸಲು 1992ರಲ್ಲಿ ಮೈಮ್ ಎಂಬ ವ್ಯವಸ್ಥೆ ಬಂತು. ಅದರ ಒಂದು ಉಪಾಯದ ಹೆಸರು ಬೇಸ್-64. ಪ್ರತಿ 3 ಬೈಟುಗಳನ್ನು 4 ಸಾದಾ ಚಿಹ್ನೆಗಳಾಗಿ ಬರೆಯುವುದು. ಆಗ ಉಡುಪಿ 20 ಚಿಹ್ನೆ, ಕಾಪು 16, ಮಣಿಪಾಲ ಮತ್ತು ಕಾರ್ಕಳ ತಲಾ 24.

ವಿಷಯದ ಸಾಲಿಗೆ ಇನ್ನೊಂದು ಕಟ್ಟಳೆಯಿದೆ. ಹೀಗೆ ಸಂಕೇತಿಸಿದ ಒಂದು ತುಂಡು 75 ಚಿಹ್ನೆ ಮೀರಬಾರದು. ಹಿಂದುಮುಂದಿನ ಗುರುತುಗಳಿಗೆ 12 ಹೋಗಿ ಉಳಿದದ್ದು 63. ನಾಲ್ಕರ ಗುಂಪುಗಳಾಗಬೇಕಾದ್ದರಿಂದ 60. ಎಂದರೆ 45 ಬೈಟ್, ಸರಿಯಾಗಿ 15 ಕನ್ನಡ ಸಂಕೇತ. ಎಷ್ಟು ಚೆನ್ನಾಗಿ ಹೊಂದಿಕೊಂಡಿತು ಅಲ್ಲವೇ? ಇಲ್ಲೇ ಇರುವುದು ಗುಂಡಿ. ಎರಡು ಪದಗಳ ನಡುವೆ ಬಿಡುವ ಜಾಗಕ್ಕೆ 1 ಬೈಟ್ ಮಾತ್ರ. ಲೆಕ್ಕ ತಪ್ಪುವುದು ಅದರಿಂದ.

'ಉಡುಪಿ ಜಿಲ್ಲೆಯ ವಿದ್ಯಾರ್ಥಿ ವೇತನ' ಎಂಬ ಸಾಲನ್ನು ತೆಗೆದುಕೊಳ್ಳಿ. ಉಡುಪಿಗೆ 15, ಜಾಗಕ್ಕೆ 1, 'ಜಿಲ್ಲೆಯ'ಕ್ಕೆ 21, ಜಾಗಕ್ಕೆ 1. ಒಟ್ಟು 38. ಮುಂದೆ 'ವಿ'ಗೆ 6 ಸೇರಿದರೆ 44. ಕಣ್ಣುಮುಚ್ಚಿ 45ಕ್ಕೆ ಕತ್ತರಿಸುವ ತಂತ್ರಾಂಶ 'ವಿದ್ಯಾರ್ಥಿ'ಯ 'ದ'ಕಾರದ ಒಂದು ಬೈಟನ್ನು ಈ ತುಂಡಿನಲ್ಲಿಟ್ಟು ಉಳಿದೆರಡನ್ನು ಮುಂದಿನ ತುಂಡಿಗೆ ದಾಟಿಸುತ್ತದೆ. ಅಕ್ಷರವನ್ನು ನಡುವೆ ಸೀಳಬಾರದು ಎಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಆದರೂ ಸೀಳುವ ತಂತ್ರಾಂಶಗಳಿವೆ. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದವರಿಗೆ ಈ ತಪ್ಪು ಎಂದೂ ಕಾಣುವುದಿಲ್ಲ. ಅಲ್ಲಿ ಅಕ್ಷರಕ್ಕೊಂದೇ ಬೈಟ್, ಸೀಳಲು ಏನಿದೆ?

ಮೇಲ್ ಓದುವ ಕೆಲವು ತಂತ್ರಾಂಶಗಳು ತುಂಡುಗಳನ್ನು ಮೊದಲು ಜೋಡಿಸಿ ಆಮೇಲೆ ಅಕ್ಷರ ಮಾಡುತ್ತವೆ. ಅವುಗಳಲ್ಲಿ ಸೀಳು ಕಾಣುವುದಿಲ್ಲ. ಪ್ರತಿ ತುಂಡನ್ನೂ ಬೇರೆಬೇರೆಯಾಗಿ ಬಿಡಿಸುವವುಗಳಲ್ಲಿ ವಜ್ರಾಕಾರದ ಪ್ರಶ್ನೆಚಿಹ್ನೆ ಎದ್ದು ಕಾಣುತ್ತದೆ. "ನಮ್ಮಲ್ಲಿ ಸರಿಯಾಗಿಯೇ ಕಾಣುತ್ತದೆ" ಎಂಬ ಉತ್ತರ ಸುಳ್ಳಲ್ಲ ಎಂದು ಆಗ ಅರ್ಥವಾಯಿತು. ಸುಳ್ಳಲ್ಲದಿದ್ದರೂ ಸಾಲದು ಎಂಬುದೂ ಅರ್ಥವಾಯಿತು.

ಲ್ಯಾಬಿನಲ್ಲಿ ನಾಟಕದ ಊರು

"ಹಾಗಾದರೆ ತಪ್ಪು ಅಂಚೆಯಣ್ಣನದೋ, ವಿಳಾಸ ಬರೆದವರದೋ?" ಎಂದೆ. "ಅನುಮಾನ ಬರೆದವರ ಮೇಲೆ ಸರ್. ಆದರೆ ಅಂಚೆಯಣ್ಣ ನಿರಪರಾಧಿ ಎಂದು ಮೊದಲು ತೋರಿಸಬೇಕು" ಎಂದ ಹುಡುಗ. ವಿಜ್ಞಾನದ ಮೇಷ್ಟ್ರಿಗೆ ಇದಕ್ಕಿಂತ ಇಷ್ಟವಾಗುವ ಮಾತು ಉಂಟೇ?

ನಾವು ಆರಿಸಿಕೊಂಡದ್ದು ಎಕ್ಸಿಮ್ ಎಂಬ ಮೇಲ್ ಸರ್ವರ್. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗಣಕ ವಿಭಾಗದಲ್ಲಿದ್ದ ಫಿಲಿಪ್ ಹೇಝಲ್ 1995ರಲ್ಲಿ ಅದನ್ನು ಬರೆಯತೊಡಗಿದರು. ಅವರು 2007ರಲ್ಲಿ ನಿವೃತ್ತರಾದ ಮೇಲೂ ಇತರರು ಬೆಳೆಸುತ್ತಿದ್ದಾರೆ. ಸ್ವತಂತ್ರ ತಂತ್ರಾಂಶವಾದ್ದರಿಂದ ಹಣ ಕೊಡಬೇಕಿಲ್ಲ. ಒಳಗಿನ ಬರಹವನ್ನು ಯಾರೂ ಓದಬಹುದು. ನಮಗೆ ಬೇಕಾದದ್ದು ಅದರ ಜತೆಗೇ ಬರುವ ಪರೀಕ್ಷಾ ಮಾಲೆ.

ಮೂಲೆಗೆ ಬಿದ್ದಿದ್ದ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿದೆವು. ಬೇಕಾದದ್ದನ್ನೆಲ್ಲ ಇಳಿಸಿಕೊಂಡ ಮೇಲೆ ನೆಟ್‌ವರ್ಕಿನ ತಂತಿ ಕಿತ್ತುಬಿಟ್ಟೆವು. ಪರೀಕ್ಷೆಯ ಪತ್ರಗಳು ತಪ್ಪಿಯೂ ಹೊರಗಿನವರಿಗೆ ಹೋಗಬಾರದಲ್ಲ! ಪ್ರಯೋಗಶಾಲೆಯಲ್ಲಿ ಆಮ್ಲವನ್ನು ಬಾಟಲಿಯಲ್ಲೇ ಇಡುವ ಹಾಗೆ.

ಆ ಪರೀಕ್ಷಾ ಮಾಲೆ ಒಂದು ನಾಟಕದ ಊರನ್ನೇ ಕಟ್ಟುತ್ತದೆ. ವಿಳಾಸ ಹುಡುಕಿಕೊಡುವ ನಿಜವಾದ ಡಿಎನ್‌ಎಸ್ ಬದಲು ಸುಳ್ಳು ಡಿಎನ್‌ಎಸ್ ಒಂದಿದೆ. ಅದು ಜಗತ್ತಿನಲ್ಲಿ ಎಲ್ಲೂ ಇಲ್ಲದ ಊರುಗಳ ವಿಳಾಸ ಹೇಳುತ್ತದೆ. ಪತ್ರ ತರುವವನ ಪಾತ್ರಕ್ಕೊಂದು, ಪಡೆಯುವವನ ಪಾತ್ರಕ್ಕೊಂದು ಪುಟ್ಟ ತಂತ್ರಾಂಶ. ಅವು ಸ್ವಂತ ಬುದ್ಧಿ ಉಪಯೋಗಿಸುವುದಿಲ್ಲ. 'ನೀನು ಇದನ್ನು ಹೇಳು, ಎದುರಿನವನು 250 ಎನ್ನಬೇಕು, ಆಮೇಲೆ ಇದನ್ನು ಹೇಳು' ಎಂದು ಬರೆದುಕೊಟ್ಟದ್ದನ್ನಷ್ಟೇ ಒಪ್ಪಿಸುತ್ತವೆ. ನಮ್ಮ ತಾಳಮದ್ದಳೆಯ ಅರ್ಥಧಾರಿಗಳ ಹಾಗೆ ಅಲ್ಲಲ್ಲೇ ಮಾತು ಹೊಸೆಯುವ ಸ್ವಾತಂತ್ರ್ಯ ಇಲ್ಲಿಲ್ಲ. ನಿಜವಾದ ನಟ ಒಬ್ಬನೇ, ನಡುವಿನ ಎಕ್ಸಿಮ್. ಅವನು ಸರಿಯಾಗಿ ನಡೆದುಕೊಂಡನೇ ಎಂದು ನೋಡುವುದಷ್ಟೇ ಉಳಿದವರ ಕೆಲಸ. ಪ್ರತಿ ಪ್ರಶ್ನೆಗೂ ಒಂದು ಸಂಖ್ಯೆ, ಮಾಡಬೇಕಾದ ಕೆಲಸದ ಕಡತ, ಬರಬೇಕಾದ ಉತ್ತರದ ಕಡತ. ಬಂದ ಉತ್ತರವನ್ನು ಬರಬೇಕಾದ್ದರ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸುತ್ತದೆ. ವ್ಯತ್ಯಾಸ ಕಂಡಲ್ಲಿ ನಿಲ್ಲುತ್ತದೆ.

ಶೂನ್ಯ ದೋಷ

ಮೊದಲ ಸಲ ಓಡಿಸಿದಾಗ ಸಾಲುಸಾಲು ತಪ್ಪುಗಳು. ಜತೆಗಿದ್ದ ಕಾಪುವಿನ ಹುಡುಗಿ, "ಸರ್, ಇದು ನಪಾಸೇ!" ಎಂದು ನಕ್ಕಳು. ಆದರೆ ಒಂದೊಂದಾಗಿ ನೋಡಿದಾಗ ಎಕ್ಸಿಮ್‌ನ ತಪ್ಪು ಒಂದೂ ಇರಲಿಲ್ಲ. ನಮ್ಮ ಕಂಪ್ಯೂಟರಿನ ಹೆಸರನ್ನು ಸರಿಯಾಗಿ ಕೊಟ್ಟಿರಲಿಲ್ಲ. ಪರೀಕ್ಷೆ ಓಡಿಸುವವನು ಸಾಮಾನ್ಯ ಬಳಕೆದಾರನಾಗಿದ್ದು ಬೇಕಾದಾಗ ಮಾತ್ರ ಆಡಳಿತಾಧಿಕಾರ ಪಡೆಯುವಂತಿರಬೇಕು. ಆ ಅನುಮತಿ ಇನ್ನೂ ಆಗಿರಲಿಲ್ಲ. ಕೆಲವು ಕಡತಗಳನ್ನು ಓದಲು ಅವಕಾಶವಿರಲಿಲ್ಲ.

ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗೆ ನಾನು ಪ್ರತಿ ವರ್ಷ ಹೇಳುವ ಮಾತು ಇದು. ವರ್ನಿಯರ್ ಕ್ಯಾಲಿಪರ್ ಹಿಡಿದ ಕೂಡಲೇ ಅಳೆಯಬೇಡಿ, ಮೊದಲು ಅದರ ಶೂನ್ಯ ದೋಷ ನೋಡಿ. ಅಳತೆಗೋಲೇ ಸೊಟ್ಟಗಿದ್ದರೆ ವಸ್ತುವನ್ನು ಬೈದು ಏನು ಫಲ? ಮಗುವಿಗೆ ಕಡಿಮೆ ಅಂಕ ಬಂದಾಗಲೂ ಹೀಗೆಯೇ. ಓದಿದ್ದು ಸಾಲದೋ, ಪ್ರಶ್ನೆ ಅರ್ಥವಾಗಲಿಲ್ಲವೋ, ಆ ದಿನ ಜ್ವರವಿತ್ತೋ, ಹಿಂದಿನ ಬೆಂಚಿನಿಂದ ಕಪ್ಪುಹಲಗೆಯೇ ಕಾಣುತ್ತಿರಲಿಲ್ಲವೋ! ಕನ್ನಡಕ ಬೇಕಾದ ಹುಡುಗನನ್ನು ದಡ್ಡ ಎಂದು ಕರೆದ ಮನೆಗಳನ್ನು ನಾನು ಕಂಡಿದ್ದೇನೆ.

ಇನ್ನೊಂದು ತೊಡಕು ಗಡಿಯಾರದ್ದು. ಪ್ರತಿ ಸಲ ಓಡಿಸಿದಾಗಲೂ ದಿನಾಂಕ, ವೇಳೆ, ಗಣಕ ಒಳಗೊಳಗೇ ಕೊಡುವ ಕ್ರಮಸಂಖ್ಯೆ ಎಲ್ಲ ಬದಲಾಗುತ್ತವೆ. ಹಾಗೆಯೇ ಹೋಲಿಸಿದರೆ ಎಲ್ಲವೂ ತಪ್ಪೆಂದೇ ಕಾಣುತ್ತದೆ. ಆದ್ದರಿಂದ ಹೋಲಿಸುವ ಮೊದಲು ಇಂಥ ಬದಲಾಗುವ ಭಾಗಗಳನ್ನೆಲ್ಲ ಒಂದೇ ನಿಶ್ಚಿತ ರೂಪಕ್ಕೆ ತರುತ್ತದೆ. ಯಾವ ವ್ಯತ್ಯಾಸ ಮುಖ್ಯ, ಯಾವುದು ಅಲ್ಲ ಎಂದು ಗುರುತಿಸುವುದೇ ಪರೀಕ್ಷಕನ ಅರ್ಧ ವಿದ್ಯೆ.

ವ್ಯತ್ಯಾಸ ಸಿಕ್ಕಿ ನಿಂತಾಗ ಪರೀಕ್ಷಾ ಮಾಲೆ ನಮ್ಮನ್ನು ಕೇಳುತ್ತದೆ: ಮುಂದುವರಿಯಲೋ, ವ್ಯತ್ಯಾಸ ತೋರಿಸಲೋ, ಅಥವಾ ಈಗ ಬಂದದ್ದನ್ನೇ ಸರಿ ಉತ್ತರವೆಂದು ಬರೆದುಕೊಳ್ಳಲೋ? ಮೂರನೆಯ ಆಯ್ಕೆ ಬಹಳ ಮೋಹಕ. ಒಂದು ಕೀಲಿ ಒತ್ತಿದರೆ ಎಲ್ಲವೂ ಪಾಸ್! ತಂತ್ರಾಂಶವನ್ನು ಉದ್ದೇಶಪೂರ್ವಕವಾಗಿ ಬದಲಿಸಿದ್ದರೆ ಮಾತ್ರ ಅದು ನ್ಯಾಯ. ಇಲ್ಲದಿದ್ದರೆ ಹುಡುಗ ಬರೆದ ಉತ್ತರಕ್ಕೆ ತಕ್ಕಂತೆ ಉತ್ತರಸೂಚಿಯನ್ನೇ ತಿದ್ದಿದ ಹಾಗೆ. "ಆ ಕೀಲಿ ಒತ್ತುವ ಮೊದಲು ಕೈ ಹಿಂದಕ್ಕೆ ಕಟ್ಟಿಕೊಂಡು ಒಂದು ಲೋಟ ಚಾ ಕುಡಿಯಬೇಕು ಸರ್" ಎಂದ ಕಾರ್ಕಳದ ಹುಡುಗ. ನಾವು ಚಾ ಕುಡಿದೆವು.

ನಾಲ್ಕು ಊರುಗಳ ಪ್ರಶ್ನೆಪತ್ರಿಕೆ

ಸಿದ್ಧ ಪ್ರಶ್ನೆಗಳು ಸರಿಯಾಗಿ ಓಡತೊಡಗಿದ ಮೇಲೆ ನಮ್ಮದೇ ಪ್ರಶ್ನೆಗಳನ್ನು ಸೇರಿಸಿದೆವು. ಬರೆದವಳು ಆ ಹುಡುಗಿಯೇ. ವಿಷಯದ ಸಾಲು ಬರೀ 'ಕಾಪು' ಎಂದಿರುವ ಪತ್ರ ಒಂದು. ನಾಲ್ಕೂ ಊರುಗಳ ಹೆಸರು ಒತ್ತೊತ್ತಾಗಿರುವುದು ಒಂದು. ನಡುವೆ ಜಾಗ ಬಿಟ್ಟದ್ದು ಒಂದು. ಸರಿಯಾಗಿ ತುಂಡು ಮಾಡಿದ್ದು ಒಂದು. ಬೇಕೆಂದೇ ಅಕ್ಷರ ಸೀಳಿದ್ದು ಇನ್ನೊಂದು. ಎಕ್ಸಿಮ್ ಎಲ್ಲವನ್ನೂ ಕೊಟ್ಟ ಹಾಗೆಯೇ, ಒಂದು ಬೈಟೂ ಹೆಚ್ಚುಕಡಿಮೆಯಾಗದಂತೆ ತಲುಪಿಸಿತು. ಸರಿಯಾದದ್ದು ಸರಿಯಾಗಿ, ಮುರಿದದ್ದು ಮುರಿದಂತೆಯೇ. ಈ ಅಂಚೆಯಣ್ಣ ಪತ್ರ ಹರಿಯುವವನಲ್ಲ ಎಂದಾಯಿತು.

ಆಮೇಲೆ ವಿಷಯದ ಸಾಲನ್ನು ತುಂಡು ಮಾಡುವ ಪುಟ್ಟ ತಂತ್ರಾಂಶವನ್ನು ಆಕೆ ಎರಡು ಬಗೆಯಲ್ಲಿ ಬರೆದಳು. ಒಂದು 45 ಬೈಟಿಗೆ ಕಣ್ಣುಮುಚ್ಚಿ ಕತ್ತರಿಸುವುದು. ಇನ್ನೊಂದು ಅಕ್ಷರ ಮುಗಿದಲ್ಲಿ ನಿಲ್ಲುವುದು. ಎರಡಕ್ಕೂ ಒಂದೇ ಪ್ರಶ್ನೆಪತ್ರಿಕೆ. ಮೊದಲನೆಯದು ಒತ್ತೊತ್ತಾದ ಊರುಗಳಲ್ಲಿ ಪಾಸಾಗಿ, ಜಾಗ ಬಿಟ್ಟ ಸಾಲಿನಲ್ಲಿ ಸಿಕ್ಕಿಬಿತ್ತು. ಎರಡನೆಯದು ಎಲ್ಲದರಲ್ಲೂ ಪಾಸು. ಕೆಟ್ಟದ್ದನ್ನು ಬೇಕೆಂದೇ ಬರೆದದ್ದೇಕೆ? ಪರೀಕ್ಷೆಯನ್ನೇ ಪರೀಕ್ಷಿಸಲು. ಎಂದೂ ನಪಾಸು ಮಾಡದ ಪರೀಕ್ಷೆಯನ್ನು ನಂಬುವುದು ಹೇಗೆ? ಲಿಟ್ಮಸ್ ಕಾಗದ ಆಮ್ಲದಲ್ಲಿ ಕೆಂಪಾಗುತ್ತದೆಂದು ನೋಡಿಕೊಂಡ ಮೇಲಲ್ಲವೇ ಅದರ ಮಾತಿಗೆ ಬೆಲೆ?

ಒಂದು ಪುಟದ ವಿನಯದ ಪತ್ರದೊಂದಿಗೆ ಮುರಿದ ಸಾಲು, ಸರಿಯಾದ ಸಾಲು, 45 ಬೈಟಿನ ಲೆಕ್ಕ ಎಲ್ಲವನ್ನೂ ಆಕೆ ಆ ಸಂಸ್ಥೆಗೆ ಕಳುಹಿಸಿದಳು. ದೂರು ಎಂಬ ಶಬ್ದವೇ ಅದರಲ್ಲಿರಲಿಲ್ಲ. ಉತ್ತರ ಬರಲಿಲ್ಲ, ಆ ವರ್ಷದ ಹಣವೂ ಬರಲಿಲ್ಲ. ಮನೆಯವರು ಸಾಲ ಮಾಡಿ ಶುಲ್ಕ ಕಟ್ಟಿದರು. ಮರುವರ್ಷ ಮತ್ತೆ ಅರ್ಜಿ ಹಾಕಿದಾಗ ಬಂದ ಮೇಲ್‌ನ ವಿಷಯದ ಸಾಲು ಸ್ಪಷ್ಟವಾಗಿತ್ತು, ಒಂದಕ್ಷರವೂ ಮುರಿದಿರಲಿಲ್ಲ. ನಮ್ಮ ಪತ್ರದಿಂದಲೇ ಹಾಗಾಯಿತು ಎಂದು ಹೇಳಲು ನನ್ನಲ್ಲಿ ಪುರಾವೆ ಇಲ್ಲ. ಆದರೆ ಆ ವರ್ಷ ಅಂಥ ಪತ್ರ ಪಡೆದ ಬೇರೆ ಮಕ್ಕಳು ಅದನ್ನು ಕಸವೆಂದು ಬಿಟ್ಟಿರಲಾರರು ಎಂಬುದಷ್ಟು ಸಮಾಧಾನ.

ಪಾಸಾದರೆ ಮುಗಿಯಿತೇ?

ಇಲ್ಲ. ಹಾಲೆಂಡಿನ ಗಣಕ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಅರ್ಧ ಶತಮಾನದ ಹಿಂದೆಯೇ ಎಚ್ಚರಿಸಿದ್ದರು: ಪರೀಕ್ಷೆ ತಪ್ಪು ಇದೆಯೆಂದು ತೋರಿಸಬಲ್ಲದು, ತಪ್ಪೇ ಇಲ್ಲವೆಂದು ತೋರಿಸಲಾರದು. ಎಕ್ಸಿಮ್‌ನ ಕಥೆಯೇ ಇದಕ್ಕೆ ಸಾಕ್ಷಿ. 2016ರಲ್ಲಿ ಬಂದ 4.87ನೇ ಆವೃತ್ತಿಯಿಂದ 4.91ರವರೆಗೆ ಅದರೊಳಗೊಂದು ಅಪಾಯಕಾರಿ ಬಿರುಕಿತ್ತು. ವಿಳಾಸದ ಜಾಗದಲ್ಲಿ ಬೇರೇನನ್ನೋ ಬರೆದು ಸರ್ವರಿಗೇ ಆಜ್ಞೆ ಕೊಡಬಹುದಿತ್ತು. ಅಷ್ಟು ದೊಡ್ಡ ಪರೀಕ್ಷಾ ಮಾಲೆ ಇದ್ದೂ ಅದು ವರ್ಷಗಟ್ಟಲೆ ನುಸುಳಿತು. ಕ್ವಾಲಿಸ್ ಸಂಸ್ಥೆಯ ತಜ್ಞರು ಅದನ್ನು ಹೊರಹಾಕಿದ್ದು 2019ರ ಜೂನ್‌ನಲ್ಲಿ. ಯಾರೂ ಕೇಳದ ಪ್ರಶ್ನೆಗೆ ಯಾವ ಪರೀಕ್ಷೆಯೂ ಉತ್ತರ ಕೊಡದು.

ಪರೀಕ್ಷೆಗೆಂದು ತೆರೆದ ಬಾಗಿಲೇ ಕಳ್ಳನಿಗೆ ದಾರಿಯಾದದ್ದೂ ಉಂಟು. 1988ರ ನವೆಂಬರ್ 2ರಂದು ಅಮೆರಿಕದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಟ್ಟ 'ಹುಳು' ಸಾವಿರಾರು ಗಣಕಗಳನ್ನು ಸ್ತಬ್ಧಗೊಳಿಸಿತು. ಅದು ನುಗ್ಗಿದ ದಾರಿಗಳಲ್ಲೊಂದು, ಸೆಂಡ್‌ಮೇಲ್ ಎಂಬ ಮೇಲ್ ಸರ್ವರಿನಲ್ಲಿ ದೋಷ ಹುಡುಕಲೆಂದು ಇಟ್ಟಿದ್ದ ಸೌಲಭ್ಯ. ಎಷ್ಟೋ ಗಣಕಗಳಲ್ಲಿ ಅದನ್ನು ಮುಚ್ಚದೆ ಹಾಗೆಯೇ ಬಿಡಲಾಗಿತ್ತು. ನ್ಯಾಯಾಲಯ 1990ರಲ್ಲಿ ಮಾರಿಸ್‌ಗೆ ಮೂರು ವರ್ಷಗಳ ನಿಗಾವಣೆ, 400 ಗಂಟೆಗಳ ಸಮಾಜಸೇವೆ ಮತ್ತು ದಂಡ ವಿಧಿಸಿತು. ನಾವು ನೆಟ್‌ವರ್ಕ್ ತಂತಿ ಕಿತ್ತು ಪರೀಕ್ಷೆ ಮಾಡಿದ್ದು ಸುಮ್ಮನಲ್ಲ.

ಹಾಗಾದರೆ ದಿನವೂ ಪರೀಕ್ಷಿಸಿ ಲಾಭವೇನು? ಲಾಭ ಇದು: ಒಮ್ಮೆ ಸಿಕ್ಕಿದ ತಪ್ಪು ಮತ್ತೆ ಬಾರದಂತೆ ಕಾಯುವುದು. ಹೊಸ ದೋಷ ಸಿಕ್ಕಿದಾಗಲೆಲ್ಲ ಒಳ್ಳೆಯ ತಂತ್ರಜ್ಞರು ಅದನ್ನು ಸರಿಪಡಿಸಿ ಸುಮ್ಮನಾಗುವುದಿಲ್ಲ. ಅದೇ ದೋಷವನ್ನು ಹಿಡಿಯುವ ಪ್ರಶ್ನೆಯೊಂದನ್ನು ಪಟ್ಟಿಗೆ ಸೇರಿಸುತ್ತಾರೆ. ನಾಳೆ ಬೇರೆಲ್ಲೋ ಮಾಡಿದ ತಿದ್ದುಪಡಿಯಿಂದ ಹಳೆಯ ಹರಕು ಮತ್ತೆ ಬಿಚ್ಚಿಕೊಂಡರೆ ಅಂದೇ ರಾತ್ರಿ ತಿಳಿಯುತ್ತದೆ. ಕಾಪುವಿನ ದಡದಲ್ಲಿ ಬಲೆ ನೋಡುವವರು ಕಳೆದ ಸಲ ಹೊಲಿದ ಕಣ್ಣನ್ನೇ ಮೊದಲು ಎಳೆದು ನೋಡುತ್ತಾರೆ. ತತ್ವ ಒಂದೇ. ನಿತ್ಯವೂ ಏಕೆ ಎಂದು ಕೇಳುವವರು ಅಲ್ಲಿನ 1901ರ ದೀಪಸ್ತಂಭವನ್ನು ನೆನೆಯಲಿ. ಹಡಗು ಬರದ ರಾತ್ರಿ ದೀಪ ಕೆಟ್ಟರೆ ಯಾರಿಗೂ ತಿಳಿಯದು. ತಿಳಿಯುವ ರಾತ್ರಿ ಹೊತ್ತು ಮೀರಿರುತ್ತದೆ.

ತಂದೆತಾಯಿಯರಿಗೆ, ಮಕ್ಕಳಿಗೆ

ಮಕ್ಕಳು ತಂತ್ರಾಂಶವಲ್ಲ, ರಾತ್ರಿಯಿಡೀ ಪ್ರಶ್ನೆ ಕೇಳಿದರೆ ಅವರು ಸರಿಯಾಗುವುದಿಲ್ಲ, ನಿದ್ದೆಗೆಡುತ್ತಾರೆ. ಆದರೆ ಪರೀಕ್ಷೆಯನ್ನು ನೋಡುವ ದೃಷ್ಟಿಯನ್ನು ಈ ಯಂತ್ರದಿಂದ ಕಲಿಯಬಹುದು. ತಿಂಗಳ ಪರೀಕ್ಷೆಯ ಉತ್ತರಪತ್ರಿಕೆ ಮನೆಗೆ ಬಂದಾಗ ಮೊದಲ ಪುಟದ ಅಂಕ ನೋಡಿ ಸಹಿ ಹಾಕಿ ಹಿಂದಿರುಗಿಸಬೇಡಿ. ಒಳಗೆ ತಿರುವಿ, ಯಾವುದು ತಪ್ಪಾಯಿತೆಂದು ಮಗುವಿನ ಬಾಯಿಂದಲೇ ಕೇಳಿ. ತಪ್ಪಿದ ಪ್ರಶ್ನೆಗಳಿಗೆಂದೇ ಒಂದು ತೆಳ್ಳನೆಯ ನೋಟ್‌ಬುಕ್ ಇರಲಿ. ಹದಿನೈದು ದಿನ ಬಿಟ್ಟು ಅವನ್ನೇ ಮತ್ತೆ ಮಾಡಿಸಿ. ಅಲ್ಲಿ ಸರಿಯಾದರೆ ಅದೇ ನಿಜವಾದ ಪಾಸು. ಮಾದರಿ ಉತ್ತರ ನೋಡಿ ತನ್ನ ಉತ್ತರವನ್ನು ತಿದ್ದಿ 'ನನಗೂ ಇದೇ ಬಂದಿತ್ತು' ಎನ್ನುವ ಮಗುವಿಗೆ ಆ ಮೂರನೆಯ ಕೀಲಿಯ ಕಥೆ ಹೇಳಿ.

ವಿದ್ಯಾರ್ಥಿಗಳಿಗೆ ಒಂದು ಮನೆಗೆಲಸ. ನಿಮ್ಮ ಪೂರ್ಣ ಹೆಸರನ್ನು ಕನ್ನಡದಲ್ಲಿ ಬರೆದು ಸಂಕೇತಗಳನ್ನು ಎಣಿಸಿ. ಮೂರರಿಂದ ಗುಣಿಸಿ, ಪದಗಳ ನಡುವಿನ ಜಾಗಕ್ಕೆ ಒಂದೊಂದು ಸೇರಿಸಿ. 45ನೆಯ ಬೈಟ್ ಯಾವ ಅಕ್ಷರದ ಮೇಲೆ ಬೀಳುತ್ತದೆ ನೋಡಿ. ಕಾಗದ, ಪೆನ್ಸಿಲ್ ಸಾಕು. ಆಸಕ್ತಿ ಬೆಳೆದರೆ ಹಳೆಯ ಕಂಪ್ಯೂಟರ್ ಒಂದನ್ನು ಗುಜರಿಗೆ ಹಾಕದೆ ಉಳಿಸಿಕೊಳ್ಳಿ. ಮೇಲೆ ಹೇಳಿದ ತಂತ್ರಾಂಶಗಳಾವುದಕ್ಕೂ ದುಡ್ಡು ಕೊಡಬೇಕಿಲ್ಲ.

2012ರಿಂದ ಇ-ಮೇಲ್ ವಿಳಾಸವನ್ನೇ ಕನ್ನಡ ಲಿಪಿಯಲ್ಲಿ ಬರೆಯಲು ನಿಯಮ ಅವಕಾಶ ಕೊಟ್ಟಿದೆ. ನಿಯಮ ಇದ್ದರೆ ಸಾಲದು. ಪ್ರತಿ ಸರ್ವರ್, ಪ್ರತಿ ಅರ್ಜಿ ನಮೂನೆ, ಪ್ರತಿ ಮೊಬೈಲ್ ತಂತ್ರಾಂಶ ಅದನ್ನು ಸರಿಯಾಗಿ ಒಪ್ಪಿಕೊಳ್ಳುತ್ತದೆಯೇ ಎಂದು ಯಾರಾದರೂ ಪ್ರಶ್ನೆ ಹಾಕಿ ನೋಡಬೇಕು. ಕೇಂಬ್ರಿಜ್‌ನಲ್ಲಿ ಕುಳಿತವರಿಗೆ 'ಕಾರ್ಕಳ' ಎಂದು ಬೆರಳಚ್ಚಿಸಿ ನೋಡಬೇಕೆಂದು ಹೊಳೆಯದಿದ್ದರೆ ಅವರನ್ನು ದೂರಲಾಗದು. ಅದು ಹೊಳೆಯಬೇಕಾದದ್ದು ನಮಗೆ. ಕಾಪುವಿನ ಆ ಹುಡುಗಿ ಈಗ ಪದವಿಯ ಕೊನೆಯ ವರ್ಷದಲ್ಲಿದ್ದಾಳೆ. ಯಾವ ಹೊಸ ತಂತ್ರಾಂಶ ಕೈಗೆ ಬಂದರೂ ಮೊದಲು ತನ್ನೂರಿನ ಹೆಸರನ್ನು ಬರೆದು ನೋಡುತ್ತಾಳಂತೆ. ನೀವೂ ನಿಮ್ಮೂರಿನ ಹೆಸರಿನಿಂದಲೇ ಆರಂಭಿಸಿ.